18446744073709551615 ಅನ್ನೋ ಸಂಖ್ಯೆಯ ಹೊಟ್ಟೆಯೊಳಗೆ ಏನಿದೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದ್ತಿದ್ದೀನಿ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಖಾಲಿ ವೆಕ್ಟರ್‌ನ ಸೈಜ್‌ನಿಂದ 1 ಕಳೆದು ಪ್ರಿಂಟ್ ಮಾಡಿದೆ, -1 ಬರುತ್ತೆ ಅಂದ್ಕೊಂಡಿದ್ರೆ 18446744073709551615 ಬಂತು. ಇದು ಪ್ರೈಮಾ? ಅಲ್ಲ ಅಂದ್ರೆ ಕಂಪ್ಯೂಟರ್ ಇಲ್ದೆ ಕೈಲೇ ಫ್ಯಾಕ್ಟರ್ ಮಾಡೋಕಾಗುತ್ತಾ? ಎಷ್ಟು ಭಾಜಕ ಇದಾವೆ? ಚೆಸ್ ಬೋರ್ಡ್ ಅಕ್ಕಿ ಕಥೇಲಿ ಬರೋ ಸಂಖ್ಯೆನೂ ಇದೇನಾ? ಒಂಬತ್ತನೇ ಕ್ಲಾಸಲ್ಲಿರೋ ತಂಗಿಗೆ ಇದನ್ನ ಹೇಳಿಕೊಡಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದಲು ಪ್ರೋಗ್ರಾಂ ವಿಷಯ ಮುಗಿಸಿಬಿಡೋಣ. ವೆಕ್ಟರ್ ಅಂದ್ರೆ ಡೇಟಾನ ಸಾಲಾಗಿ ಇಡೋ ಪಟ್ಟಿ, ಅದರ ಉದ್ದ ಹೇಳೋ ಸೈಜ್ ಅನ್ನೋದು ಚಿಹ್ನೆ ಇಲ್ಲದ 64 ಬಿಟ್ ಸಂಖ್ಯೆ (ಒಂದು ಬಿಟ್ ಅಂದ್ರೆ 0 ಇಲ್ಲ 1 ಹಿಡಿಯೋ ಒಂದು ಮನೆ), ಅದಕ್ಕೆ ಮೈನಸ್ ಅನ್ನೋದೇ ಗೊತ್ತಿಲ್ಲ, ಸೊನ್ನೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಇಟ್ರೆ ಹಳೇ ಸ್ಕೂಟರ್‌ನ ಕಿಲೋಮೀಟರ್ ಮೀಟರ್ 00000ದಿಂದ ಹಿಂದಕ್ಕೆ ತಿರುಗಿದ್ರೆ 99999 ತೋರಿಸೋ ಹಾಗೆ ಇಲ್ಲಿ 64 ಬಿಟ್ಟೂ 1 ಆಗಿಬಿಡುತ್ತೆ. ಬೈನರಿಯಲ್ಲಿ 64 ಒಂದುಗಳನ್ನ ಸಾಲಾಗಿ ನಿಲ್ಲಿಸಿದ್ರೆ ಬರೋ ಬೆಲೆನೇ ನಿಮ್ಮ ಸಂಖ್ಯೆ, ಅಂದ್ರೆ 2^64 - 1 (2^64 ಅಂದ್ರೆ 64 ಎರಡುಗಳನ್ನ ಒಂದಕ್ಕೊಂದು ಗುಣಿಸಿದ್ದು). ಹೆಕ್ಸಾಡೆಸಿಮಲ್‌ನಲ್ಲಿ ಬರೆದ್ರೆ ಬರೀ ಹದಿನಾರು ಎಫ್. ಪ್ರೋಗ್ರಾಂ ಸರಿ ಮಾಡೋಕೆ ಕಳೆಯೋ ಮುಂಚೆ ವೆಕ್ಟರ್ ಖಾಲಿ ಇದೆಯಾ ಅಂತ ಚೆಕ್ ಮಾಡಿ ಅಷ್ಟೇ.

ಈಗ ಸಂಖ್ಯೆಗೆ ಬರೋಣ, ನನಗೆ ನಿಜವಾಗ್ಲೂ ಇಷ್ಟವಾದ ಸಂಖ್ಯೆಗಳಲ್ಲಿ ಇದೊಂದು. ಇಪ್ಪತ್ತು ಅಂಕಿ ಇದೆ. ನಮ್ಮ ಲೆಕ್ಕದಲ್ಲಿ ಓದಬೇಕು ಅಂದ್ರೆ 1 ಲಕ್ಷದ 84 ಸಾವಿರದ 467 ಕೋಟಿ ಕೋಟಿ, ಅದರ ಮೇಲೆ 44 ಲಕ್ಷದ 7 ಸಾವಿರದ 370 ಕೋಟಿ, ಅದರ ಮೇಲೆ 95 ಲಕ್ಷದ 51 ಸಾವಿರದ 615. ಕೋಟಿ ಕೋಟಿ ಅಂತ ಎರಡೆರಡು ಸಲ ಹೇಳಬೇಕಾಗಿ ಬಂದಿರೋದು ನಾವು ಹಳೇ ಹೆಸರುಗಳನ್ನ ಮರೆತಿರೋದ್ರಿಂದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದ್ರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ, ಅದರಲ್ಲಿ ಇಪ್ಪತ್ತನೇ ಸ್ಥಾನ ಮಹಾಶಂಖ. ಹಾಗಾಗಿ ನಿಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ ಅಂತ ಶುರುವಾಗುತ್ತೆ. ಕಂಪ್ಯೂಟರ್‌ನ 64 ಬಿಟ್ ತುಂಬಿದ್ರೂ ಮಹಾವೀರನ ಪಟ್ಟಿಯಲ್ಲಿ ಇನ್ನೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತೆ.

ಚೆಸ್ ಬೋರ್ಡ್ ಕಥೆ? ಹೌದು, ಇದೇ ಸಂಖ್ಯೆ. ಮೊದಲನೇ ಮನೆಗೆ ಒಂದು ಕಾಳು, ಎರಡನೇದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು ಅಂತ 64 ಮನೆ ತುಂಬಿಸ್ತಾ ಹೋದ್ರೆ ಕೊನೇ ಮನೆ ಒಂದರಲ್ಲೇ 2^63 ಕಾಳು, ಎಲ್ಲ ಕೂಡಿದ್ರೆ 2^64 - 1. ಯಾಕೆ ಒಂದು ಕಮ್ಮಿ ಅಂತ ತಂಗಿ ಕೇಳ್ತಾಳೆ ನೋಡಿ, ಅದಕ್ಕೆ ಫಾರ್ಮುಲಾ ಬೇಡ. ಒಟ್ಟು ರಾಶಿಗೆ ಪಕ್ಕದಿಂದ ಒಂದು ಕಾಳು ಸಾಲ ತಂದು ಹಾಕಿ, ಆಗ ಮೊದಲ ಮನೆಯ 1 ಜೊತೆ ಸೇರಿ 2 ಆಯ್ತು, ಆ 2 ಎರಡನೇ ಮನೆಯ 2ರ ಜೊತೆ ಸೇರಿ 4 ಆಯ್ತು, ಅದು ಮೂರನೇ ಮನೆಯ 4ರ ಜೊತೆ ಸೇರಿ 8, ಹೀಗೇ ಕೊನೇವರೆಗೂ ಉರುಳಿಕೊಂಡು ಹೋಗಿ 2^64 ಆಗಿ ನಿಲ್ಲುತ್ತೆ, ಸಾಲ ತಂದ ಒಂದು ಕಾಳನ್ನ ವಾಪಸ್ ಕೊಟ್ಬಿಡಿ. ಮಹಾವೀರಾಚಾರ್ಯ ಇದೇ ಲೆಕ್ಕಕ್ಕೆ ಗುಣಸಂಕಲಿತ ಅಂತ ಹೆಸರಿಟ್ಟು ಎರಡರ ಬದಲು ಯಾವ ಗುಣಕ ಇದ್ರೂ ನಡೆಯೋ ಸೂತ್ರ ಕೊಟ್ಟಿದಾನೆ.

ಈ ಕಥೆ ಅರಬರ ಹತ್ರ ರಾಜನಿಂದ ಈ ಕಾಳುಗಳನ್ನೇ ಬಹುಮಾನವಾಗಿ ಕೇಳಿದ ಸಿಸ್ಸಾ ಅನ್ನೋ ಜಾಣನ ಕಥೆಯಾಗಿದೆ, 13ನೇ ಶತಮಾನದ ಇಬ್ನ್ ಖಲ್ಲಿಕಾನ್ ಬರೆದಿಟ್ಟಿದಾನೆ. ನಮ್ಮ ಪಕ್ಕದ ಕೇರಳದಲ್ಲಿ ಅಂಬಲಪ್ಪುಳದ ಕೃಷ್ಣ ದೇವಸ್ಥಾನದ ಹಾಲು ಪಾಯಸಕ್ಕೆ ಇದೇ ಕಥೆ ಅಂಟಿಕೊಂಡಿದೆ, ರಾಜನ ಜೊತೆ ಚದುರಂಗ ಆಡಿ ಗೆದ್ದವನು ಸಾಕ್ಷಾತ್ ಕೃಷ್ಣ, ರಾಜನಿಗೆ ಒಮ್ಮೆಗೇ ತೀರಿಸೋಕಾಗದ ಅಕ್ಕಿ ಸಾಲ ಇವತ್ತಿಗೂ ಪಾಯಸದ ರೂಪದಲ್ಲಿ ತೀರ್ತಾ ಇದೆ ಅಂತ. ಎಷ್ಟು ಅಕ್ಕಿ ಅಂದ್ರೆ, ಒಂದು ಕಾಳು 25 ಮಿಲಿಗ್ರಾಂ ಅಂತ ಇಟ್ಕೊಂಡ್ರೆ ಸುಮಾರು 46,000 ಕೋಟಿ ಟನ್. ಇಡೀ ಪ್ರಪಂಚದಲ್ಲಿ ಈಗ ವರ್ಷಕ್ಕೆ ಸುಮಾರು 50 ಕೋಟಿ ಟನ್ ಅಕ್ಕಿ ಬೆಳೆಯುತ್ತೆ, ಒಂದು ಕಾಳೂ ತಿನ್ನದೆ ಎತ್ತಿಟ್ರೂ ಒಂಬೈನೂರು ವರ್ಷ ಬೇಕು.

ಸರಿ, ಇದು ಪ್ರೈಮಾ, ಅಂದ್ರೆ 1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಅವಿಭಾಜ್ಯ ಸಂಖ್ಯೆನಾ? ಅಲ್ಲ, ಕೊನೇ ಅಂಕಿ 5 ನೋಡಿದ ತಕ್ಷಣ ಹೇಳಬಹುದು. ಅಂಕಿಗಳನ್ನ ಕೂಡಿದ್ರೆ 87 ಬರುತ್ತೆ, ಅಂದ್ರೆ 3ರಿಂದಲೂ ಭಾಗ ಹೋಗುತ್ತೆ, 9ರಿಂದ ಹೋಗಲ್ಲ. ಇಲ್ಲಿವರೆಗೂ ಸ್ಕೂಲ್ ಲೆಕ್ಕ. ಆದ್ರೆ ಇನ್ನುಳಿದದ್ದು ಹದಿನೆಂಟು ಹತ್ತೊಂಬತ್ತು ಅಂಕಿಯ ಸಂಖ್ಯೆ, ಅದನ್ನ 7, 11, 13 ಅಂತ ಒಂದೊಂದಾಗಿ ಭಾಗಿಸ್ತಾ ಕೂತ್ರೆ ಜೀವನ ಸಾಕಾಗಲ್ಲ. ಇಲ್ಲಿ ಸಂಖ್ಯೆಯ ದೊಡ್ಡತನವನ್ನ ಮರೆತು ಅದು ಹುಟ್ಟಿದ ರೀತಿಯನ್ನ ನೋಡಬೇಕು, ನನ್ನ ಇಡೀ ಉತ್ತರ ಅಂದ್ರೆ ಇದೇ.

2^64 ಅನ್ನ ಕೈಲಿ ಹೇಗೆ ಲೆಕ್ಕ ಹಾಕ್ತೀರಾ? 63 ಸಲ ಡಬಲ್ ಮಾಡಬೇಕಾಗಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು ಗುರುಗಳ ಪ್ರಸ್ತಾರ, ಅಂದ್ರೆ ಅವನ್ನ ಜೋಡಿಸೋ ರೀತಿ, ಎಷ್ಟು ಬಗೆ ಅಂತ ಎಣಿಸೋಕೆ ಒಂದು ಉಪಾಯ ಇದೆ, ಒಂದು ಪಾದದಲ್ಲಿ ಎಷ್ಟು ಅಕ್ಷರ ಇದೆಯೋ ಅಷ್ಟು ಸಲ 2ನ್ನ ಗುಣಿಸಬೇಕಲ್ವಾ, ಅವನು ಏನು ಹೇಳ್ತಾನೆ ಅಂದ್ರೆ ಅಕ್ಷರ ಸಂಖ್ಯೆ ಸಮ ಇದ್ರೆ ಅರ್ಧ ಮಾಡು, ಬೆಸ ಇದ್ರೆ ಒಂದು ಕಳಿ, ವಾಪಸ್ ಬರೋವಾಗ ಅರ್ಧ ಮಾಡಿದ ಕಡೆ ವರ್ಗ ಮಾಡು, ಒಂದು ಕಳೆದ ಕಡೆ ಡಬಲ್ ಮಾಡು. 64ಕ್ಕೆ ಇದು ಹೇಳಿಮಾಡಿಸಿದ ಹಾಗಿದೆ, 64, 32, 16, 8, 4, 2, 1 ಅಂತ ಎಲ್ಲೂ ಬೆಸ ಸಿಗದೆ ನೇರ ಇಳಿಯುತ್ತೆ. ವಾಪಸ್ ಹತ್ತೋವಾಗ 2, ಅದರ ವರ್ಗ 4, ಅದರ ವರ್ಗ 16, ಆಮೇಲೆ 256, 65536, 4294967296, ಆಮೇಲೆ 18446744073709551616. ಆರೇ ವರ್ಗ, ಆರೇ ಮೆಟ್ಟಿಲು.

ಕೊನೇ ವರ್ಗ ಸ್ವಲ್ಪ ಕಷ್ಟ, ಆದ್ರೆ ಒಂದು ಕಪ್ ಕಾಫಿ ಕುಡಿಯೋ ಹೊತ್ತಲ್ಲಿ ಆಗುತ್ತೆ. 4294967296 ಅನ್ನ 42949 ಮತ್ತು 67296 ಅಂತ ಮುರಿದು ಮೊದಲನೇದರ ವರ್ಗ 1844616601, ಎರಡೂ ಗುಣಿಸಿ ಡಬಲ್ ಮಾಡಿದ್ರೆ 5780591808, ಎರಡನೇದರ ವರ್ಗ 4528751616, ಇವನ್ನ ಐದೈದು ಸ್ಥಾನ ಸರಿಸಿ ಒಂದರ ಕೆಳಗೊಂದು ಬರೆದು ಕೂಡಿದ್ರೆ ಮುಗೀತು. ತಂಗಿ ಕೈಲಿ ಮಾಡಿಸಿ, ಕೊನೇಲಿ 551616 ಬಂದಾಗ ಅವಳ ಮುಖ ನೋಡೋಕೆ ಚೆನ್ನಾಗಿರುತ್ತೆ.

ಹತ್ತಿದ ಅದೇ ಮೆಟ್ಟಿಲನ್ನ ಈಗ ಇಳೀರಿ. 2^64 ಅನ್ನೋದು 2^32ರ ವರ್ಗ. ವರ್ಗದಿಂದ 1 ಕಳೆದಾಗ ಏನಾಗುತ್ತೆ ಅನ್ನೋದು ಎಂಟನೇ ಕ್ಲಾಸ್ ಸೂತ್ರ, ಒಂದು ಕಮ್ಮಿ ಇಂಟು ಒಂದು ಜಾಸ್ತಿ. ಹಾಗಾಗಿ ನಮ್ಮ ಸಂಖ್ಯೆ ಅಂದ್ರೆ 4294967295 ಇಂಟು 4294967297. ಎಡಗಡೆದು ಮತ್ತೆ 2^32 - 1, ಅದನ್ನೂ ಅದೇ ತರ ಒಡೀರಿ, 65535 ಇಂಟು 65537. 65535 ಅಂದ್ರೆ 255 ಇಂಟು 257. 255 ಅಂದ್ರೆ 15 ಇಂಟು 17. 15 ಅಂದ್ರೆ 3 ಇಂಟು 5. ಒಂದೇ ಒಂದು ಉದ್ದ ಭಾಗಾಕಾರ ಮಾಡದೆ ಇಪ್ಪತ್ತು ಅಂಕಿಯ ಸಂಖ್ಯೆ ಆರು ತುಂಡಾಯ್ತು: 3, 5, 17, 257, 65537, 4294967297. ನೋಡಿ, ಪ್ರತಿಯೊಂದೂ ಮೆಟ್ಟಿಲಿಗಿಂತ ಒಂದು ಜಾಸ್ತಿ.

ಈ ಆರು ತುಂಡುಗಳಿಗೆ ಗಣಿತದಲ್ಲಿ ಫರ್ಮಾ ಸಂಖ್ಯೆಗಳು ಅಂತ ಹೆಸರು. ಫ್ರಾನ್ಸಿನ ಫರ್ಮಾ ವೃತ್ತಿಯಲ್ಲಿ ಕೋರ್ಟು ಕಚೇರಿಯವನು, ಗಣಿತ ಅವನಿಗೆ ಪ್ರೀತಿ. 3, 5, 17, 257, 65537 ಐದೂ ಪ್ರೈಮ್, ಅದನ್ನ ನೋಡಿ ಮುಂದಿನದ್ದೆಲ್ಲ ಪ್ರೈಮೇ ಇರಬೇಕು ಅಂತ 1640ರ ಹೊತ್ತಿಗೆ ಪತ್ರಗಳಲ್ಲಿ ಬರೆದ, ಪ್ರೂಫ್ ಮಾತ್ರ ಸಿಗ್ತಿಲ್ಲ ಅಂತಲೂ ಒಪ್ಕೊಂಡ. ಅವನ ಪ್ರಕಾರ ಆರನೇದಾದ 4294967297 ಕೂಡ ಪ್ರೈಮ್. ಹಾಗಿದ್ದಿದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಮುಗೀತಿತ್ತು. 1732ರಲ್ಲಿ ಆಯ್ಲರ್, ಆಗ ಅವನಿಗೆ 25 ವಯಸ್ಸು, ಅದನ್ನ 641 ಭಾಗಿಸುತ್ತೆ ಅಂತ ತೋರಿಸಿದ. 4294967297 ಅಂದ್ರೆ 641 ಇಂಟು 6700417.

641 ಎಲ್ಲಿಂದ ಬಂತು? ಸುಮ್ನೆ ಸಣ್ಣ ಪ್ರೈಮ್‌ಗಳನ್ನೆಲ್ಲ ಟ್ರೈ ಮಾಡ್ತಾ ಹೋದ್ರೆ 641 ಅನ್ನೋದು ನೂರು ದಾಟಿದ ಮೇಲೆ ಬರುತ್ತೆ, ಸಿಗುತ್ತೆ ಬಿಡಿ, ಆದ್ರೆ ಅದಕ್ಕಿಂತ ಚಂದದ ದಾರಿ ಇದೆ. ಒಂದು ಪ್ರೈಮ್ 2^32 + 1ನ್ನ ಭಾಗಿಸ್ಬೇಕು ಅಂದ್ರೆ ಆ ಪ್ರೈಮ್‌ನ ಲೆಕ್ಕದಲ್ಲಿ 2^32ರ ಶೇಷ -1 (ಪೂರ್ತಿ ಭಾಗ ಹೋಗೋಕೆ ಒಂದು ಕಮ್ಮಿ ಅಂತ ಅರ್ಥ), ಅದರ ವರ್ಗವಾದ 2^64ರ ಶೇಷ 1. 2, 4, 8, 16 ಅಂತ ಘಾತಗಳ ಶೇಷಗಳನ್ನ ಬರೀತಾ ಹೋದ್ರೆ ಅವು ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿಂದ ಬರ್ತಾವೆ, ಈ ಪ್ರೈಮ್‌ಗೆ ಆ ಸುತ್ತಿನ ಉದ್ದ 64ನ್ನ ಭಾಗಿಸ್ಬೇಕು, ಆದ್ರೆ 32ರಲ್ಲಿ ಮುಗೀಬಾರದು, ಹಾಗಾಗಿ ಕರೆಕ್ಟಾಗಿ 64. ಇನ್ನೊಂದು ಕಡೆ ಫರ್ಮಾನದ್ದೇ ಇನ್ನೊಂದು ಪ್ರಮೇಯ ಇದೆ, ಸುತ್ತಿನ ಉದ್ದ ಯಾವಾಗ್ಲೂ ಪ್ರೈಮ್‌ಗಿಂತ ಒಂದು ಕಮ್ಮಿ ಇರೋ ಸಂಖ್ಯೆಯನ್ನ ಭಾಗಿಸುತ್ತೆ. ಎರಡೂ ಸೇರಿಸಿದ್ರೆ ಆ ಪ್ರೈಮ್ 64ರ ಗುಣಕಕ್ಕಿಂತ ಒಂದು ಜಾಸ್ತಿ ಇರಲೇಬೇಕು! 65, 129, 193, 257, 321, 385, 449, 513, 577, 641. ಇದರಲ್ಲಿ ಪ್ರೈಮ್ ಆಗಿರೋವು 193, 257, 449, 577, 641 ಅಷ್ಟೇ, ಐದನೇ ಸಲಕ್ಕೇ ಗುರಿ. ಆಮೇಲೆ 19ನೇ ಶತಮಾನದಲ್ಲಿ ಫ್ರಾನ್ಸಿನ ಎಡ್ವಾರ್ ಲೂಕಾ ಇದನ್ನ ಇನ್ನೂ ಬಿಗಿ ಮಾಡಿ 64 ಅಲ್ಲ 128ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು ಅಂತ ತೋರಿಸಿದ, ಆಗ 257 ಆದ ಮೇಲೆ ಸೀದಾ 641.

ಆಯ್ಲರ್ ಹೋದ ದಾರಿ ಬಿಟ್ಟು ಬರೀ ಎರಡು ಸಾಲಲ್ಲಿ ಪ್ರೂಫ್ ಬೇಕು ಅಂದ್ರೆ ಅದೂ ಇದೆ, ನಾನು ಇದನ್ನ ಮೊದಲ ಸಲ ನೋಡಿದಾಗ ನೋಟ್‌ಬುಕ್‌ನಲ್ಲಿ ನಾಲ್ಕು ಸಲ ಬರೆದು ನೋಡಿದ್ದೆ, ಇಷ್ಟು ಸುಲಭನಾ ಅಂತ ನಂಬಿಕೆ ಬರ್ಲಿಲ್ಲ. 641ನ್ನ ಎರಡು ರೀತಿ ಬರೀರಿ. ಒಂದು, 640 + 1, ಅಂದ್ರೆ 5 ಇಂಟು 128 ಪ್ಲಸ್ 1. ಇನ್ನೊಂದು, 625 + 16, ಅಂದ್ರೆ 5ರ ನಾಲ್ಕನೇ ಘಾತ ಪ್ಲಸ್ 2ರ ನಾಲ್ಕನೇ ಘಾತ. ಮೊದಲನೇದರಿಂದ 641ರ ಲೆಕ್ಕದಲ್ಲಿ 5 ಇಂಟು 2^7 ಅಂದ್ರೆ -1, ಅದನ್ನ ನಾಲ್ಕನೇ ಘಾತಕ್ಕೆ ಏರಿಸಿದ್ರೆ 5^4 ಇಂಟು 2^28 ಅಂದ್ರೆ 1. ಎರಡನೇದರಿಂದ 5^4 ಅಂದ್ರೆ -2^4, ಅದನ್ನ ಅಲ್ಲಿ ಹಾಕಿದ್ರೆ -2^32 ಅಂದ್ರೆ 1, ಅಂದ್ರೆ 2^32 + 1 ಸೊನ್ನೆ, ಅಂದ್ರೆ 641ರಿಂದ ನಿಶ್ಶೇಷ. 4294967297 ಅನ್ನೋ ದೊಡ್ಡ ಸಂಖ್ಯೆಯನ್ನ ಒಂದು ಸಲನೂ ಬರೀಬೇಕಾಗಿ ಬರ್ಲಿಲ್ಲ ಗಮನಿಸಿ.

6700417 ಪ್ರೈಮಾ ಅನ್ನೋದು ಉಳೀತು. ಅದರ ವರ್ಗಮೂಲ 2588ರ ಚೂರು ಮೇಲಿದೆ, ಅಲ್ಲಿವರೆಗೆ ಪ್ರೈಮ್‌ಗಳು ಮುನ್ನೂರಕ್ಕೂ ಮೇಲೆ ಇದಾವೆ, ಆದ್ರೆ ಲೂಕಾನ ಜರಡಿ ಹಾಕಿದ್ರೆ ಉಳಿಯೋದು 257, 641, 769, 1153, 1409 ಐದೇ. ಭಾಗಿಸಿ ನೋಡಿ, ಶೇಷಗಳು ಕ್ರಮವಾಗಿ 170, 44, 120, 334, 622 ಬರ್ತಾವೆ, ಒಂದೂ ಸೊನ್ನೆ ಅಲ್ಲ, ಹಾಗಾಗಿ 6700417 ಪ್ರೈಮ್. ಐದು ಭಾಗಾಕಾರ, ಅಷ್ಟೇ! ಹೀಗೆ ನಿಮ್ಮ ಸಂಖ್ಯೆಯ ಪೂರ್ತಿ ಅಪವರ್ತನ 3 × 5 × 17 × 257 × 641 × 65537 × 6700417. ಕಂಪ್ಯೂಟರ್ ಇಲ್ದೆ ಕೈಲಿ ಆಗುತ್ತಾ ಅಂತ ಕೇಳಿದ್ರಲ್ಲ, ಒಂದು ಭಾನುವಾರ ಬೆಳಿಗ್ಗೆ ಸಾಕು.

ಯಾಕೆ 7 ಇಲ್ಲ, 11 ಇಲ್ಲ, 13 ಇಲ್ಲ ಅನ್ನೋದೂ ಆ ಸುತ್ತಿನ ಮಾತಿಂದಲೇ ಗೊತ್ತಾಗುತ್ತೆ. 7ರ ಲೆಕ್ಕದಲ್ಲಿ 2ರ ಘಾತಗಳು 2, 4, 1 ಅಂತ ಮೂರಕ್ಕೊಂದು ಸಲ ಸುತ್ತು ಬರ್ತಾವೆ, 64ನ್ನ 3 ಭಾಗಿಸಲ್ಲ, ಹಾಗಾಗಿ 7ಕ್ಕೆ ಇಲ್ಲಿ ಜಾಗ ಇಲ್ಲ. 11ರ ಸುತ್ತು 10, 13ರ ಸುತ್ತು 12, ಅವಕ್ಕೂ ಇಲ್ಲ. ಒಳಗೆ ಬಂದಿರೋ ಏಳು ಪ್ರೈಮ್‌ಗಳ ಸುತ್ತು ನೋಡಿ, 3ಕ್ಕೆ 2, 5ಕ್ಕೆ 4, 17ಕ್ಕೆ 8, 257ಕ್ಕೆ 16, 65537ಕ್ಕೆ 32, ಕೊನೇ ಎರಡಕ್ಕೆ, ಅಂದ್ರೆ 641 ಮತ್ತು 6700417ಕ್ಕೆ, 64. ಮತ್ತೆ ಅದೇ ಮೆಟ್ಟಿಲು.

ಭಾಜಕ ಎಷ್ಟು ಅಂದ್ರೆ, ಏಳು ಬೇರೆ ಬೇರೆ ಪ್ರೈಮ್, ಒಂದೊಂದೂ ಒಂದೊಂದೇ ಸಲ, ಪ್ರತಿಯೊಂದನ್ನ ತಗೋಬಹುದು ಇಲ್ಲ ಬಿಡಬಹುದು, ಹಾಗಾಗಿ 2^7 ಅಂದ್ರೆ 128 ಭಾಜಕ. ಯಾವ ಪ್ರೈಮ್‌ನ ವರ್ಗವೂ ಒಳಗಿಲ್ಲ. ಭಾಜಕಗಳ ಮೊತ್ತ ಬೇಕಂದ್ರೆ ಪ್ರತಿ ಪ್ರೈಮ್‌ಗೂ ಒಂದು ಕೂಡಿಸಿ ಗುಣಿಸಿ, 4, 6, 18, 258, 642, 65538, 6700418. ತನ್ನನ್ನ ಬಿಟ್ಟು ಉಳಿದ 127 ಭಾಜಕಗಳ ಮೊತ್ತ ಸಂಖ್ಯೆಯ ಸುಮಾರು 70 ಪರ್ಸೆಂಟ್ ಮಾತ್ರ ಆಗುತ್ತೆ, ಈ ಮೊತ್ತ ಸಂಖ್ಯೆಗೇ ಸಮ ಬಂದಿದ್ರೆ ಪರಿಪೂರ್ಣ ಸಂಖ್ಯೆ ಅಂತಿದ್ರು, ಕಮ್ಮಿ ಬಂದಿರೋದ್ರಿಂದ ಇದು ಕೊರತೆ ಸಂಖ್ಯೆ. ಇನ್ನೊಂದು, 8ರಿಂದ ಭಾಗಿಸಿದ್ರೆ ಶೇಷ 7, ಇಂಥ ಸಂಖ್ಯೆಯನ್ನ ಮೂರು ವರ್ಗಗಳ ಮೊತ್ತವಾಗಿ ಬರೆಯೋಕೆ ಸಾಧ್ಯನೇ ಇಲ್ಲ, ನಾಲ್ಕು ಬೇಕೇ ಬೇಕು, ನಾಲ್ಕು ಇದ್ರೆ ಯಾವ ಸಂಖ್ಯೆಗಾದ್ರೂ ಸಾಕು ಅಂತ ಲಗ್ರಾಂಜ್ 1770ರಲ್ಲೇ ಸಾಧಿಸಿದಾನೆ.

ಈ 128 ಭಾಜಕಗಳ ಒಳಗೆ ಒಂದು ರಹಸ್ಯ ಇದೆ, ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಖುಷಿ ಕೊಡೋದು ಇದು. ಹಲಾಯುಧ 10ನೇ ಶತಮಾನದಲ್ಲಿ ಪಿಂಗಳನಿಗೆ ವ್ಯಾಖ್ಯಾನ ಬರೀತಾ ವಿವರಿಸಿದ ಮೇರು ಪ್ರಸ್ತಾರ ಗೊತ್ತಲ್ಲ, ಸ್ಕೂಲಲ್ಲಿ ಪಾಸ್ಕಲ್ ತ್ರಿಕೋನ ಅಂತಾರೆ, ಮೇಲಿನ ಎರಡು ಕೂಡಿ ಕೆಳಗೆ ಬರೆಯೋದು. ಅದರಲ್ಲಿ ಬೆಸ ಇದ್ದ ಕಡೆ 1, ಸಮ ಇದ್ದ ಕಡೆ 0 ಹಾಕಿ ಒಂದೊಂದು ಸಾಲನ್ನೂ ಬೈನರಿ ಸಂಖ್ಯೆ ಅಂತ ಓದಿ. ಮೊದಲ ಸಾಲು 1. ಆಮೇಲೆ 11, ಅಂದ್ರೆ 3. ಆಮೇಲೆ 101, ಅಂದ್ರೆ 5. ಆಮೇಲೆ 1111, ಅಂದ್ರೆ 15. 1 4 6 4 1 ಸಾಲು 10001 ಆಗಿ 17. 1 5 10 10 5 1 ಸಾಲು 110011 ಆಗಿ 51, ಅಂದ್ರೆ 3 ಇಂಟು 17. ಹೀಗೇ 85, 255, 257 ಅಂತ ಬರ್ತಾ ಬರ್ತಾ 64ನೇ ಸಾಲಿಗೆ ಬಂದಾಗ ಆ ಸಾಲಿನ 64 ಸಂಖ್ಯೆಗಳೂ ಬೆಸ, ಅಂದ್ರೆ 64 ಒಂದುಗಳು, ಅಂದ್ರೆ ನಿಮ್ಮ 18446744073709551615! ದಾರೀಲಿ ಬಂದ 64 ಸಾಲೂ ಇದರ ಭಾಜಕಗಳೇ, 641 ಮತ್ತು 6700417ನ್ನ ಜೋಡಿಯಾಗಿ ತಗೊಂಡ ಇಲ್ಲ ಜೋಡಿಯಾಗಿ ಬಿಟ್ಟ ಭಾಜಕಗಳೆಲ್ಲ ಒಂದೂ ತಪ್ಪದೆ ಏರಿಕೆ ಕ್ರಮದಲ್ಲಿ ಸಾಲಾಗಿ ನಿಂತಿರ್ತಾವೆ.

ಆ ಸಾಲುಗಳಲ್ಲಿ ಮೊದಲ 32 ಅಂದ್ರೆ 4294967295ರ ಭಾಜಕಗಳು, ಅದಕ್ಕೆ ಜಾಮಿಟ್ರಿ ಸಂಬಂಧನೂ ಇದೆ. 1796ರಲ್ಲಿ ಗೌಸ್, ಇನ್ನೂ 19 ತುಂಬಿರಲಿಲ್ಲ, ಬರೀ ಸ್ಕೇಲು ಕಂಪಾಸಲ್ಲಿ 17 ಬಾಹುಗಳ ಸಮ ಬಹುಭುಜ ಎಳೆಯಬಹುದು ಅಂತ ಕಂಡುಹಿಡಿದ. ಯಾವ ಬೆಸ ಬಾಹುಗಳಿಗೆ ಇದು ಸಾಧ್ಯ ಅಂದ್ರೆ ಬೇರೆ ಬೇರೆ ಫರ್ಮಾ ಪ್ರೈಮ್‌ಗಳನ್ನ ಗುಣಿಸಿದಾಗ ಬರೋವಕ್ಕೆ ಮಾತ್ರ, ಬೇರೆಯವಕ್ಕೆ ಆಗಲ್ಲ ಅನ್ನೋದನ್ನ 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಇವತ್ತಿಗೂ ಗೊತ್ತಿರೋ ಫರ್ಮಾ ಪ್ರೈಮ್‌ಗಳು ಐದೇ, ಹಾಗಾಗಿ 1ನ್ನ ಬಿಟ್ಟು 31 ಬೆಸ ಬಹುಭುಜಗಳು, ಅತಿ ದೊಡ್ಡದಕ್ಕೆ 4294967295 ಬಾಹು. ಮೇರುವಿನ ಮುಂದಿನ ಸಾಲು 4294967297, ಅಲ್ಲಿ ಫರ್ಮಾನ ಊಹೆ ಮುರಿಯುತ್ತೆ, ಬಹುಭುಜಗಳ ಪಟ್ಟಿಯೂ ಅಲ್ಲೇ ನಿಲ್ಲುತ್ತೆ.

ಲೂಕಾನ ಹೆಸರು ಬಂತಲ್ಲ, ಅವನಿಗೂ ನಿಮ್ಮ ಸಂಖ್ಯೆಗೂ ಇನ್ನೊಂದು ನಂಟಿದೆ. ಹನೋಯ್ ಗೋಪುರ ಅನ್ನೋ ಆಟಿಕೆಯನ್ನ 1883ರಲ್ಲಿ ಬೇರೆ ಹೆಸರಲ್ಲಿ ಬಿಟ್ಟವನು ಅವನೇ, ನಿಮ್ಮ ಡೇಟಾ ಸ್ಟ್ರಕ್ಚರ್ಸ್ ಕ್ಲಾಸಲ್ಲಿ ರಿಕರ್ಷನ್‌ಗೆ ಅದೇ ಉದಾಹರಣೆ ಇರುತ್ತೆ. ಅದರ ಜೊತೆ ಹುಟ್ಟಿದ ಕಥೆಯಲ್ಲಿ ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳನ್ನ ಮೂರು ಕಂಬಗಳ ನಡುವೆ, ಒಂದು ಸಲಕ್ಕೆ ಒಂದೇ, ದೊಡ್ಡದು ಸಣ್ಣದರ ಮೇಲೆ ಬಾರದ ಹಾಗೆ, ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸ್ತಾ ಇರ್ತಾರೆ, ಮುಗಿದ ದಿನ ಪ್ರಳಯ. ಕಥೆ ಅಷ್ಟೇ, ಕಾಶೀಲಿ ಅಂಥದ್ದೇನಿಲ್ಲ, ಆದ್ರೆ ಬೇಕಾದ ನಡೆಗಳು ಕರೆಕ್ಟಾಗಿ 2^64 - 1, ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಮಾಡಿದ್ರೆ ಸುಮಾರು 58,400 ಕೋಟಿ ವರ್ಷ. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ.

ಇಷ್ಟು ದೊಡ್ಡ ಸಂಖ್ಯೆ ಇಷ್ಟು ಸುಲಭವಾಗಿ ಒಡೀತು ಅಂತ ಎಲ್ಲ ದೊಡ್ಡ ಸಂಖ್ಯೆಯೂ ಹೀಗೇ ಅಂದ್ಕೋಬೇಡಿ. ಬರೀ ಎರಡು ಹೆಚ್ಚು ಮಾಡಿ, 18446744073709551617, ಅಂದ್ರೆ 2^64 + 1. ಇದು ಏಳನೇ ಫರ್ಮಾ ಸಂಖ್ಯೆ. ಕ್ಲಾಸೆನ್ 1855ರಲ್ಲಿ ಒಡೆದಿದ್ದ, ಅದು ಹೆಚ್ಚು ಜನಕ್ಕೆ ಗೊತ್ತಾಗಿರಲಿಲ್ಲ, 1880ರಲ್ಲಿ ಲ್ಯಾಂಡ್ರಿ ಅನ್ನೋ ಫ್ರೆಂಚ್ ಗಣಿತಜ್ಞ ತನ್ನ 82ನೇ ವಯಸ್ಸಲ್ಲಿ ತಿಂಗಳುಗಟ್ಟಲೆ ಕೂತು 274177 × 67280421310721 ಅಂತ ಕಂಡುಹಿಡಿದ. ಆ ಕಡೆ 2^67 - 1 ಅಂದ್ರೆ 147573952589676412927, ನಿಮ್ಮದಕ್ಕಿಂತ ಎಂಟರಷ್ಟು ದೊಡ್ಡದು ಅಷ್ಟೇ, ಆದ್ರೆ 67 ಪ್ರೈಮ್, ಅರ್ಧ ಮಾಡೋಕಾಗಲ್ಲ, ಮೆಟ್ಟಿಲೇ ಇಲ್ಲ. ಅದು ಪ್ರೈಮ್ ಅಲ್ಲ ಅಂತ 1876ರಲ್ಲೇ ಲೂಕಾ ತೋರಿಸಿದ್ದ, ಅಪವರ್ತನ ಮಾತ್ರ ಗೊತ್ತಿರಲಿಲ್ಲ, 1903ರಲ್ಲಿ ಅಮೆರಿಕದ ಕೋಲ್ ಸಭೆಯಲ್ಲಿ ಎದ್ದು ಒಂದು ಮಾತೂ ಆಡದೆ ಬೋರ್ಡ್ ಮೇಲೆ 193707721 ಮತ್ತು 761838257287 ಗುಣಿಸಿ ತೋರಿಸಿ ಕೂತ. ಇನ್ನು ನಿಮ್ಮ ಸಂಖ್ಯೆಯಿಂದ ಕೆಳಗೆ ಇಳಿದ್ರೆ ಮೊದಲು ಸಿಗೋ ಪ್ರೈಮ್ 18446744073709551557, 58 ಹೆಜ್ಜೆ ಕೆಳಗೆ.

ನೀವೇ ಮಾಡಿ ನೋಡೋದಾದ್ರೆ ಒಂದು ಎಚ್ಚರಿಕೆ. ಎಕ್ಸೆಲ್‌ನಲ್ಲಿ ಈ ಸಂಖ್ಯೆ ಟೈಪ್ ಮಾಡಿದ್ರೆ 15 ಅಂಕಿ ಆದ ಮೇಲೆ ಸೊನ್ನೆ ಹಾಕಿಬಿಡುತ್ತೆ, ಜಾವಾಸ್ಕ್ರಿಪ್ಟ್ ಮಾಮೂಲಿ ನಂಬರ್‌ನಲ್ಲಿ 18446744073709552000 ಅಂತ ತೋರಿಸುತ್ತೆ, ಯಾಕಂದ್ರೆ ಅವುಗಳಲ್ಲಿ ಕರಾರುವಾಕ್ಕಾಗಿ ಇಡೋಕೆ 53 ಬಿಟ್ ಮಾತ್ರ ಜಾಗ. ಅದನ್ನ ನಂಬಿ 1000ದಿಂದ ಭಾಗ ಹೋಗುತ್ತೆ ಅಂತ ಬರೆದ ಹುಡುಗರನ್ನ ನಾನು ನೋಡಿದೀನಿ, ಬೆಸ ಸಂಖ್ಯೆ 1000ದಿಂದ ಹೇಗೆ ಹೋಗುತ್ತೆ ಹೇಳಿ. ಪೈಥಾನ್ ಬಳಸಿ, ಅದರಲ್ಲಿ ಪೂರ್ಣಾಂಕಕ್ಕೆ ಇಂಥ ಮಿತಿ ಇಲ್ಲ.

ತಂಗಿಗೆ ಈ ಇಪ್ಪತ್ತು ಅಂಕಿ ಮೊದಲೇ ತೋರಿಸಬೇಡಿ. 255 ಕೊಡಿ. ಎಂಟು ಮನೆಯ ಒಂದೇ ಸಾಲಿನ ಚೆಸ್ ಬೋರ್ಡ್, ನಿಜವಾದ ಅಕ್ಕಿ ಕಾಳಲ್ಲೇ ತುಂಬಿಸಲಿ, ಕೊನೇ ಮನೆಗೆ 128 ಕಾಳು, ಒಟ್ಟು 255, ಒಂದು ಹಿಡಿಗೂ ಕಮ್ಮಿ. 256 ಅನ್ನೋದು 16ರ ವರ್ಗ, ಹಾಗಾಗಿ 255 ಅಂದ್ರೆ 15 ಇಂಟು 17 ಅಂತ ಅವಳೇ ಹೇಳ್ತಾಳೆ, ಆಮೇಲೆ 3, 5, 17, ಎಂಟು ಭಾಜಕ, 1, 3, 5, 15, 17, 51, 85, 255. ಈಗ ಮೇರು ಪ್ರಸ್ತಾರದ ಎಂಟು ಸಾಲು ಬರೆಸಿ ಬೆಸ ಸಂಖ್ಯೆಗಳ ಮೇಲೆ ಬಣ್ಣ ಹಚ್ಚಿಸಿ ಓದಿಸಿ, ಅದೇ ಎಂಟು ಭಾಜಕ ಅದೇ ಕ್ರಮದಲ್ಲಿ ಸಿಗುತ್ತೆ. ಅದಾದ ಮೇಲೆ 65535. ಅಲ್ಲಿಂದ ಮುಂದೆ ಅವಳೇ ಕೇಳ್ತಾಳೆ.